ಕಡವೆಗುಡ್ಡೆಯ ಎದುರಾಳಿ

"ಹಾಗಾದ್ರೆ ಆ ಕಲ್ಲಿನ ಕಂಟ್ರಾಕ್ಟರನ ಪಾತ್ರಕ್ಕೆ ಯಾರನ್ನು ಕೂರಿಸುವುದು?"

ವೆಂಕಟೇಶ್ವರ ಮಾಷ್ಟ್ರು ಈ ಪ್ರಶ್ನೆಯನ್ನು ಯಾರ ಮುಖ ನೋಡಿಯೂ ಕೇಳಲಿಲ್ಲ. ಶಾಲೆಯ ಮಾಡಿನ ಹಂಚು ನೋಡಿ ಕೇಳಿದರು. ಹಂಚು ಉತ್ತರ ಕೊಡಲಿಲ್ಲ. ಕೆಳಗೆ ಬೆಂಚುಗಳ ಮೇಲೆ ಕೂತಿದ್ದ ಗುಡ್ಡೆ ಉಳಿಸುವ ಸಮಿತಿಯವರೂ ಕೊಡಲಿಲ್ಲ. ಒಬ್ಬರು ವೀಳ್ಯದೆಲೆಯ ನಾರು ತೆಗೆಯುವುದರಲ್ಲಿ ಮುಳುಗಿದರು, ಇನ್ನೊಬ್ಬರು ಚಪ್ಪಲಿಯ ಬಾರನ್ನು ಜನ್ಮದಲ್ಲಿ ಮೊದಲ ಸಲ ಕಂಡವರ ಹಾಗೆ ಪರೀಕ್ಷಿಸಿದರು. ಹಿಂದಿನ ಬೆಂಚಿನಲ್ಲಿದ್ದ, ಊರವರ ಬಾಯಲ್ಲಿ ಭಟ್ರಾದ ಗಜಾನನ ಮರಾಠೆ ಮಾತ್ರ, ಅವನ ಗ್ರಹಗತಿಯೇ ಹಾಗೆ, ಸರಿಯಾಗಿ ಆ ಗಳಿಗೆಗೆ ಸೀನಿದ.

"ಹಾಂ, ಗಜಾನನ. ನೀನೇ ಸರಿ," ಎಂದರು ಮಾಷ್ಟ್ರು.

ಅದು ಎಂಬತ್ತನಾಲ್ಕನೇ ಇಸವಿಯ ಬೇಸಿಗೆ. ಮುಂಡಾಜೆಯಿಂದ ನೆರಿಯದ ಕಡೆಗೆ ಒಳಗೆ ಹೋದರೆ ಸಿಗುವ ಈ ಊರಿನ ನೆತ್ತಿಯ ಮೇಲೆ ಕಡವೆಗುಡ್ಡೆ. ತುದಿಯಲ್ಲಿ ಆನೆಯ ಬೆನ್ನಿನಂಥ ಕರಿಬಂಡೆ, ಸುತ್ತ ಕಾಡು. ಸಂಜೆಯಾದರೆ ಕಡವೆ ಕೂಗುತ್ತದೆ, ಧೂಪದ ಮರಗಳಲ್ಲಿ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದರೆ ಯಾರೋ ಗೋಣಿ ಕೊಡವಿದ ಹಾಗೆ ಕೇಳುತ್ತದೆ. ಆ ಬಂಡೆಯನ್ನು ಸಿಡಿಸಿ ಒಯ್ಯಲು ಘಟ್ಟದ ಮೇಲಿನ ಕಂಟ್ರಾಕ್ಟರೊಬ್ಬ ಸರಕಾರಕ್ಕೆ ಅರ್ಜಿ ಹಾಕಿದ್ದ. ಸುದ್ದಿ ತಿಳಿದ ಊರವರು ಸಮಿತಿ ಮಾಡಿದರು. ಶಿರಸಿಯ ಕಡೆ ಜನ ಮರಗಳನ್ನು ಅಪ್ಪಿಕೊಂಡು ಉಳಿಸಿದರಂತೆ, ನಾವೂ ಹಾಗೆ ಮಾಡುವ ಎಂದು ಗದ್ದೆ ಮಾಡಿಕೊಂಡಿದ್ದ ಜತ್ತಪ್ಪ ಹೇಳಿದ್ದಕ್ಕೆ ಚಹಾದಂಗಡಿಯ ಮೊಯಿದಿನಬ್ಬ, ಮರವನ್ನಾದರೆ ಅಪ್ಪಬಹುದು, ಗುಡ್ಡೆಯನ್ನು ಯಾವ ಕಡೆಯಿಂದ ಅಪ್ಪಲಿಕ್ಕೆ ಶುರುಮಾಡುವುದು ಎಂದು ಕೇಳಿದ. ಅಲ್ಲಿಗೆ ಆ ಯೋಜನೆ ಬಿದ್ದುಹೋಯಿತು. ಉಳಿದದ್ದು ಮಾತು. ಆ ಊರಿನಲ್ಲಿ ಯಾವ ಬೆಳೆಗೆ ಕೊಳೆರೋಗ ಬಂದರೂ ಮಾತಿಗೆ ಬಂದದ್ದಿಲ್ಲ.

ಊರಿನಲ್ಲಿ ತಾಳಮದ್ದಳೆಯ ಸಂಘವೊಂದಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಎರಡು ಕಡೆಯವರು ಎದುರುಬದುರು ಕೂತು ಪುರಾಣದ ಪಾತ್ರಗಳಾಗಿ ವಾದ ಹೂಡುತ್ತಾರೆ, ಆ ಮಾತಿಗೇ ಅರ್ಥ ಎನ್ನುವುದು. ಎದುರು ಅರ್ಥ ಹೇಳುವವನಿಲ್ಲದಿದ್ದರೆ ಎಂಥ ಪಂಡಿತನ ಮಾತೂ ಗೋಡೆಗೆ ಎಸೆದ ಹಿಟ್ಟು. ಹಾಗಾಗಿ, ಅದೇ ದಿನ ಅಪರಾಹ್ನ ಗುಡ್ಡೆ ನೋಡಿ ಎರಡು ಕಡೆಯವರ ಮಾತು ಕೇಳಲು ಮಂಗಳೂರಿನಿಂದ ಸರಕಾರದ ಸಾಹೇಬರು ಬರುವ ಮೊದಲು, ಬೆಳಿಗ್ಗೆ ಒಮ್ಮೆ ವಾದದ ಅಭ್ಯಾಸ ಆಗಲೇಬೇಕೆಂದು ಮಾಷ್ಟ್ರು ಹಟ ಹಿಡಿದಿದ್ದರು. ಗುಡ್ಡೆಯ ಪಕ್ಷ ತಾನೇ ಹೇಳುವುದು ಎಂಬುದನ್ನು ಅವರು ಯಾರಲ್ಲೂ ಕೇಳಿರಲಿಲ್ಲ. ಸಂಘದಲ್ಲಿ ದೇವರ ಪಾತ್ರ ಅವರಿಗೆ ಖಾಯಂ.

ಗಜಾನನನಿಗೆ ಖಾಯಂ ಆಗಿದ್ದದ್ದು ದೂತ, ಸಾರಥಿ, ಬಾಗಿಲು ಕಾಯುವವ. "ಅಪ್ಪಣೆ ಪ್ರಭು" ಎಂದರೆ ಅವನ ಅರ್ಥ ಮುಗಿಯಿತು. ಸಹಕಾರಿ ಸಂಘದಲ್ಲಿ ತೂಕದ ಗುಮಾಸ್ತನಾಗಿದ್ದ ಅವನು ತಕ್ಕಡಿಯ ಮುಳ್ಳಿನಷ್ಟೇ ಮಾತಾಡುವವ. ಆದರೆ ಹುಡುಗನಾಗಿದ್ದಾಗಿನಿಂದ ದಿನಾ ಸಂಜೆ ದೀಪದ ಮುಂದೆ ಅಜ್ಜ ರಾಗವಾಗಿ ಓದುತ್ತಿದ್ದ ಪದ್ಯಗಳನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡಿದ್ದ. ಕಿವಿಯಿಂದ ಒಳಗೆ ಹೋದದ್ದು ಬಾಯಿಯಿಂದ ಹೊರಗೆ ಬರುವ ಸಂದರ್ಭ ಮಾತ್ರ ಒದಗಿರಲಿಲ್ಲ.

ಅವನು ಮಾಷ್ಟ್ರಲ್ಲಿ ಕೈಮುಗಿದು ಬೇಡಿಕೊಂಡ. ತನ್ನ ಮನೆ ಇರುವುದೇ ಆ ಗುಡ್ಡೆಯ ಬುಡದಲ್ಲಿ. ಬಂಡೆ ಸಿಡಿಸಿದರೆ ಮೊದಲನೆಯ ಕಲ್ಲು ಬೀಳುವುದು ತನ್ನ ಹಂಚಿನ ಮೇಲೆ, ಮೊದಲು ಬತ್ತುವುದು ತನ್ನ ನೀರು. ತಾನು ಬಾಯಲ್ಲಿ ಹೇಗೆ ಆ ಮಾತು ಆಡಲಿ ಎಂದ. ಅದಕ್ಕೇ ನೀನು ಸರಿ, ನಾಲ್ಕು ಮಾತು ಆಡು, ಸೋಲು, ಮನೆಗೆ ಹೋಗು, ಅದು ನಿನಗೆ ಅಭ್ಯಾಸ ಉಂಟಲ್ಲ ಎಂದರು ಮಾಷ್ಟ್ರು.

ಅಭ್ಯಾಸ ಶುರುವಾಯಿತು. ಮಾಷ್ಟ್ರು ಗಂಟಲು ಸರಿಮಾಡಿಕೊಂಡು, ಈ ಗಿರಿಯು ವನ್ಯಮೃಗಗಳ ತವರು, ಈ ಶಿಲೆಯು ನಮ್ಮ ಪೂರ್ವಜರ ಹೆಮ್ಮೆ ಎಂದು ಸಾಕಷ್ಟು ಹೊತ್ತು ಹೇಳಿ, ಶಾಲು ಕೊಡವಿ ಕೂತರು. ಗಜಾನನ ಎದ್ದ. "ಅಪ್ಪಣೆ" ಎಂಬ ಶಬ್ದ ನಾಲಗೆಯ ತುದಿವರೆಗೆ ಬಂದು, ಇದು ಆ ಪಾತ್ರವಲ್ಲ ಎಂದು ಹಿಂದೆ ಸರಿಯಿತು. ಅದರ ಜಾಗಕ್ಕೆ ಬೇರೆ ಏನೋ ಬಂತು.

"ಮೃಗಗಳ ತವರು ಎಂದಿರಿ. ಒಳ್ಳೆಯದು. ಈ ಸಭೆಯಲ್ಲಿ ಕಡವೆಯನ್ನು ಕಂಡವರು ದಯವಿಟ್ಟು ಕೈ ಎತ್ತಬೇಕು."

ಎಲ್ಲರೂ ಕೈ ಎತ್ತಿದರು.

"ಕಾಡಿನಲ್ಲಿ ಕಂಡವರು ಎತ್ತಿದ್ದು ಇರಲಿ. ಬಟ್ಟಲಿನಲ್ಲಿ ಕಂಡವರು ಇಳಿಸಬಹುದು."

ಜತ್ತಪ್ಪನ ಕೈ ತನಗೆ ತಿಳಿಯದ ಹಾಗೆ ಕೆಳಗೆ ಬಂತು. ಸಭೆ ನಕ್ಕಿತು. ಆ ನಗೆ ಗಜಾನನನ ತಲೆಗೆ ಹೊಸ ಸೇಂದಿಯ ಹಾಗೆ ಏರಿತು. ಶಿಲೆ ಪೂರ್ವಜರ ಹೆಮ್ಮೆಯೆಂದಿರಲ್ಲ, ಈ ಶಾಲೆಯ ಅಡಿಪಾಯ ಯಾವುದರದ್ದು, ದೇವಸ್ಥಾನದ ಮೆಟ್ಟಿಲು ಯಾವುದರದ್ದು, ನಿಮ್ಮ ಮನೆಯ ಅರೆಯುವ ಕಲ್ಲು ಯಾವುದರದ್ದು ಎಂದು ಒಂದೊಂದಾಗಿ ಕೇಳಿದ. "ಅವೆಲ್ಲ ಇನ್ನೊಂದು ಊರಿನ ಗುಡ್ಡೆ ಒಡೆದು ಬಂದವು. ಅಂದು ಬಾರದ ಕಣ್ಣೀರು ಇಂದು ಎಲ್ಲಿಂದ ಬಂತು ಮಹನೀಯರೇ?" ಬಂಡೆ ಹೋಗುವ ದಾರಿಯಲ್ಲಿ ಲಾರಿ ಬರುತ್ತದೆ, ಲಾರಿ ಬಂದ ದಾರಿಯಲ್ಲಿ ಡಾಕ್ಟರು ಬರುತ್ತಾರೆ, ಗುಡ್ಡೆಗೆ ಒಂದು ಹಲ್ಲು ಹೋದರೆ ಊರಿಗೆ ಬಾಯಿ ಬರುತ್ತದೆ ಎಂದೆಲ್ಲ ಹೇಳುತ್ತ ಹೋದ. ಮಾಷ್ಟ್ರು ಮಧ್ಯೆ ಬಾಯಿ ಹಾಕಲು ನೋಡಿದರು, ದಾರಿ ಸಿಗಲಿಲ್ಲ. ಕೊನೆಗೆ ನೀರು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು.

ಗಜಾನನ ಬೆವರು ಒರೆಸಿಕೊಂಡು ಹೊರಗೆ ಬಂದ. ಜೀವಮಾನದಲ್ಲಿ ಮೊದಲ ಸಲ ಗೆದ್ದಿದ್ದ. ಗೆದ್ದದ್ದು ಏನನ್ನು ಎಂಬುದು ತಿಳಿಯಲು ಚಹಾದಂಗಡಿವರೆಗೆ ನಡೆಯಬೇಕಾಯಿತು.

ಅಂಗಡಿಯಲ್ಲಿ ಮೊಯಿದಿನಬ್ಬ ಎರಡು ಬೆಂಚುಗಳನ್ನು ಹೊರಗೆ ಎಳೆದು, ಲಾರಿಯವರು ಬಂದರೆ ಕೂರಲಿಕ್ಕೆ ಜಾಗ ಸಾಲದು ಎಂದು ಅಳತೆ ಹಾಕುತ್ತಿದ್ದ. ಗಜಾನನ ಗಾಬರಿಯಿಂದ, ಲಾರಿ ಬರಬಾರದೆಂದೇ ಅಲ್ಲವೇ ನಮ್ಮ ಸಮಿತಿ ಎಂದ. ಮೊಯಿದಿನಬ್ಬ ಲೋಟ ತೊಳೆಯುತ್ತಲೇ, ಮೊದಲು ಹಾಗೇ ಎಣಿಸಿದ್ದೆ, ನಿಮ್ಮ ಮಾತು ಕೇಳಿದ ಮೇಲೆ ಬುದ್ಧಿ ಬಂತು ಎಂದ.

"ಅದು ಪಾತ್ರದ ಮಾತು ಮಾರಾಯ. ನನ್ನದಲ್ಲ."

"ಯಾರದ್ದಾದರೆ ಎಂತ ಭಟ್ರೇ, ಮಾತು ಸರಿ ಉಂಟಲ್ಲ."

ಲಾರಿ ಬಂದರೆ ಅದರ ಚಕ್ರದ ಅಡಿಗೆ ಮಲಗುತ್ತೇನೆಂದು ಆಣೆ ಹಾಕಿದ್ದವನು ಜತ್ತಪ್ಪ. ಅವನಾದರೂ ಗಟ್ಟಿಯಿರುವನೆಂದು ಗಜಾನನ ಗದ್ದೆಯ ಬದುವಿನ ಮೇಲೆ ಓಡಿದ. ಜತ್ತಪ್ಪ ಬದುವಿನ ಮೇಲೆ ಮಂಕಾಗಿ ಕೂತಿದ್ದ. ಗಜಾನನ ಪಾತ್ರ, ಅಭ್ಯಾಸ, ಸುಳ್ಳು ಎಂದು ವಿವರಿಸಿದ್ದನ್ನೆಲ್ಲ ಕೇಳಿಸಿಕೊಂಡು ನಿಧಾನಕ್ಕೆ ಬಾಯಿ ಬಿಟ್ಟ. "ನಮ್ಮ ಅಪ್ಪೆಯನ್ನು, ಹೆತ್ತ ತಾಯಿಯನ್ನು, ಕುರ್ಚಿಯಲ್ಲಿ ಕೂರಿಸಿ ಮುಂಡಾಜೆವರೆಗೆ ಹೊತ್ತದ್ದು ನಾವೇ ಅಲ್ವಾ ಭಟ್ರೇ. ನೀವೂ ಕುರ್ಚಿಯ ಒಂದು ಕಾಲು ಹಿಡಿದಿದ್ರಿ. ರೋಡು ಇದ್ದಿದ್ರೆ ಅವಳ ಜೀವ ದಾರಿಯಲ್ಲೇ ಹೋಗ್ತಿರಲಿಲ್ಲ."

ಬೆಳಿಗ್ಗೆ ಕಂಟ್ರಾಕ್ಟರನ ಬಾಯಿಯಲ್ಲಿ ಹೊಳೆಯಂತೆ ಹರಿದ ನಾಲಗೆ ಈಗ ಗಜಾನನನ ಬಾಯಿಯಲ್ಲಿ ಒಣಗಿದ ಅಡಿಕೆ ಹಾಳೆಯಾಗಿ ಬಿದ್ದಿತ್ತು. ಜತ್ತಪ್ಪನ ಹೆಗಲು ಮುಟ್ಟಿ ಹೊರಟುಬಂದ.

ಮನೆಗೆ ತಲುಪುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿ, ಕೈಕಾಲು ತೊಳೆದು, ಒಳಗೆ ಕೂತಿತ್ತು. ಹೆಂಡತಿ ವಾಗ್ದೇವಿ ಜಗಲಿಯಲ್ಲಿ ಕಂಬದ ಹಾಗೆ ನಿಂತಿದ್ದಳು. ಗುಡ್ಡೆಯನ್ನು ಮಾತಿನಲ್ಲೇ ಒಡೆದು ಬಂದವರಿಗೆ ಹಸಿವೆ ಎಲ್ಲಿಂದ, ಒಡೆದ ಕಲ್ಲು ಸಾರಿಗೆ ಬೇಕಾದರೆ ಹಾಕಿಕೊಡುತ್ತೇನೆ ಎಂದಳು. ಎಲೆ ಹಾಕಿದಳು, ಅನ್ನ ಬಡಿಸಿದಳು, ಆದರೆ ಮಾಡಿನ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡುತ್ತ ಬಡಿಸಿದಳು. ಗಜಾನನ ಅನ್ನ ಕಲಸಿದ. ಸಾಹೇಬರ ಮುಂದೆ ಮಾಷ್ಟ್ರು ಗೆಲ್ಲುತ್ತಾರೆ, ಕಂಟ್ರಾಕ್ಟರನಿಗೆ ಮಾತೇ ಬರುವುದಿಲ್ಲವಂತೆ ಎಂದು ಅವಳಿಗೆ ಹೇಳಿದ. ತನಗೂ ಹೇಳಿಕೊಂಡ. ಪೊಳಲಿ ಅಮ್ಮನವರಿಗೆ ಮನಸ್ಸಿನಲ್ಲೇ ಒಂದು ಹೂವಿನ ಪೂಜೆ ಹೇಳಿದ.

ಬೇಸಿಗೆಯಲ್ಲಿ ಜೀಪು ಮಾತ್ರ ಹತ್ತುವ ಕಾಡುದಾರಿಯಲ್ಲಿ ಸಾಹೇಬರು ಬಂದರು. ಗುಡ್ಡೆ ಹತ್ತಿ, ಪ್ಯಾಂಟಿಗೆ ಅಂಟುಪುರಲೆಯ ಬೀಜ ಅಂಟಿಸಿಕೊಂಡು, ಮುಖ ಕೆಂಪಾಗಿ ಇಳಿದರು. ಶಾಲೆಯಲ್ಲಿ ಮೇಜಿನ ಹಿಂದೆ ಕೂತು ಬೊಂಡದ ನೀರು ಕುಡಿದರು. ಊರಿಗೆ ಊರೇ ಕಿಟಕಿಗಳಲ್ಲಿ ನೇತಾಡುತ್ತಿತ್ತು. ಕಂಟ್ರಾಕ್ಟರನ ಸುಳಿವಿಲ್ಲ. ಕಾದು ಕಾದು ಸಾಕಾದಾಗ ಮುಂಡಾಜೆಯಿಂದ ನಡೆದುಬಂದವನೊಬ್ಬ ಅಲ್ಲಿ ಬಸ್ಸಿನ ಕಂಡಕ್ಟರ್ ಹೇಳಿದ ಸುದ್ದಿ ತಂದ. ಚಾರ್ಮಾಡಿ ಘಾಟಿಯಲ್ಲಿ ಗಾಳಿಗೆ ದೊಡ್ಡ ಮರ ರಸ್ತೆಗೆ ಅಡ್ಡ ಬಿದ್ದಿದೆ, ಅವನ ಜೀಪು ಆಚೆ ಕಡೆ ಸಿಕ್ಕಿಕೊಂಡಿದೆ, ಇವತ್ತು ಇಳಿಯುವ ಲಕ್ಷಣ ಇಲ್ಲ.

ಗಜಾನನ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಅಮ್ಮನವರು ಹೂವಿನ ಪೂಜೆಗೆ ಇಷ್ಟು ದೊಡ್ಡ ಮರ ಬೀಳಿಸುವರೆಂದು ಅವನು ಎಣಿಸಿರಲಿಲ್ಲ.

ಆದರೆ ಸಾಹೇಬರು ತಲೆ ಅಲ್ಲಾಡಿಸಿದರು. "ಒಂದು ಕಡೆಯ ಮಾತು ಮಾತ್ರ ಕೇಳಿ ಬರೆದರೆ ಅದು ಮೇಲೆ ನಿಲ್ಲುವುದಿಲ್ಲ. ಮಳೆಗಾಲ ಕಳೆದು ಪುನಃ ಬರ್ತೇನೆ. ಅಷ್ಟರವರೆಗೆ ಅವರು ಕೆಲಸ ಶುರು ಮಾಡಿದರೆ, ಬರೆದ ಆಜ್ಞೆ ಇಲ್ಲದೆ ತಡೆಯುವ ಅಧಿಕಾರ ನನಗಿಲ್ಲ."

ಬಂಡೆ ಕೊರೆಯುವ ಯಂತ್ರ ಉಜಿರೆಗೆ ಬಂದು ನಿಂತದ್ದನ್ನು ಎಲ್ಲರೂ ನೋಡಿದ್ದರು. ಮಳೆಗಾಲ ಕಳೆಯುವಾಗ ಕಡವೆಗುಡ್ಡೆಯಲ್ಲಿ ಕಡವೆಯೂ ಇರಲಿಕ್ಕಿಲ್ಲ, ಗುಡ್ಡೆಯೂ ಇರಲಿಕ್ಕಿಲ್ಲ.

ಆಗ ವೆಂಕಟೇಶ್ವರ ಮಾಷ್ಟ್ರು ಎದ್ದರು. ಬೆಳಿಗ್ಗೆ ಕುಡಿದ ನೀರು ಅವರಿಗೆ ಇನ್ನೂ ಜೀರ್ಣವಾಗಿರಲಿಲ್ಲ. "ಸಾರ್, ಎದುರು ಅರ್ಥ ಹೇಳುವವ ನಮ್ಮಲ್ಲೇ ಇದ್ದಾನೆ. ಅವರ ಪರವಾಗಿ ಹೇಳಲಿಕ್ಕೆ ಇರುವುದನ್ನೆಲ್ಲ ಇವ ಹೇಳ್ತಾನೆ. ನಾನು ಉತ್ತರ ಕೊಡ್ತೇನೆ. ನಿಮ್ಮ ಬರವಣಿಗೆಗೆ ಎರಡು ಕಡೆಯೂ ಆಯಿತು."

ಬೇರೆ ಯಾವ ಸೀಮೆಯ ಅಧಿಕಾರಿಯಾಗಿದ್ದರೂ ನಕ್ಕು ಜೀಪು ಹತ್ತುತ್ತಿದ್ದರು. ಇವರು ಕುಂದಾಪುರದ ಕಡೆಯವರು, ತಂದೆ ಮದ್ದಳೆ ಬಾರಿಸುತ್ತಿದ್ದವರು. ತೆಗೆದಿದ್ದ ಪೆನ್ನಿನ ಮುಚ್ಚಳವನ್ನು ಹಾಕಲಿಲ್ಲ.

"ಆಗಬಹುದು. ಆದರೆ ಕಳ್ಳಾಟ ಬೇಡ. ಸುಮ್ಮನೆ ಸೋಲಲಿಕ್ಕೆ ನಿಂತರೆ ನನಗೆ ಗೊತ್ತಾಗ್ತದೆ. ಗೊತ್ತಾದರೆ ನಾನು ಮಳೆಗಾಲದ ನಂತರವೇ ಬರುವುದು."

ಕಂಬದ ಹಿಂದಿದ್ದ ಗಜಾನನನನ್ನು ಇಬ್ಬರು ಎಳೆದು ತಂದು ನಿಲ್ಲಿಸಿದರು. ಕಿಟಕಿಯಲ್ಲಿ ವಾಗ್ದೇವಿಯ ಮುಖ ಕಂಡಿತು. ಅವನು ತಕ್ಷಣ ಬೇರೆ ಕಡೆ ನೋಡಿದ.

ಮೊದಲು ಬುದ್ಧಿವಂತಿಕೆಯಿಂದ ದಡ್ಡನಾಗಲು ನೋಡಿದ. ಕಲ್ಲು ಬೇಕು, ಕಲ್ಲು ಗಟ್ಟಿ ಉಂಟು, ಆದ್ದರಿಂದ ಕೊಡಬೇಕು ಎಂದ. ಸಾಹೇಬರ ಹುಬ್ಬು ಕೂಡಿತು. ಪೆನ್ನಿನ ಮುಚ್ಚಳದ ಕಡೆ ಕೈ ಹೋಯಿತು. ಮಾಷ್ಟ್ರು ಹಲ್ಲಿನ ಸಂದಿಯಲ್ಲಿ, "ಬೆಳಿಗ್ಗೆಯ ಹಾಗೆ ಹೇಳೋ," ಎಂದು ಪಿಸುಗುಟ್ಟಿದರು. ಬೇರೆ ದಾರಿಯಿಲ್ಲದೆ ಗಜಾನನ ಬೆಳಿಗ್ಗೆಯ ಹಾಗೆ ಹೇಳಿದ.

ಶಾಲೆಯ ಅಡಿಪಾಯ ಬಂತು. ದೇವಸ್ಥಾನದ ಮೆಟ್ಟಿಲು ಬಂತು. ರಸ್ತೆ ಬಂತು, ಡಾಕ್ಟರು ಬಂದರು. ಸಾಹೇಬರ ಪೆನ್ನು ಓಡತೊಡಗಿತು. ಅವರ ತಲೆ ತಾಳಕ್ಕೆ ಸರಿಯಾಗಿ ಆಡಿತು. ಮಾಷ್ಟ್ರು ಎದ್ದು ನೀರಿನ ಮಾತು, ಹಕ್ಕಿಯ ಮಾತು ತೆಗೆದರು. ಗಜಾನನ ನಿಲ್ಲಿಸಬೇಕೆಂದರೂ ನಾಲಗೆ ನಿಲ್ಲದೆ ಅದನ್ನೂ ತಿರುಗಿಸಿ ಹೊಡೆಯಿತು. ಹಿಂದಿನ ಬೆಂಚಿನಿಂದ "ಸರಿ, ಸರಿ" ಎಂಬ ಸ್ವರ ಕೇಳಿತು. ಮಾಷ್ಟ್ರ ಮುಖ ಬಿಳಿಚಿತು. ಗೆಲುವು ತನ್ನ ಕಡೆಗೆ ಬಿಚ್ಚಿದ ಗೂಳಿಯ ಹಾಗೆ ನುಗ್ಗಿ ಬರುವುದು ಗಜಾನನನಿಗೆ ಕಂಡಿತು. ಇನ್ನು ನಾಲ್ಕು ಮಾತು ಆಡಿದರೆ ಗುಡ್ಡೆ ಹೋಯಿತು, ಮಾಡು ಹೋಯಿತು, ನೀರು ಹೋಯಿತು. ಸುಮ್ಮನಾದರೆ ಕಳ್ಳಾಟ. ಗಟ್ಟಿಯಾಗಿ ಕಾಣಬೇಕು, ಒಳಗೆ ಟೊಳ್ಳಿರಬೇಕು, ಅಂಥ ಒಂದು ವಾದ ಬೇಕಿತ್ತು.

ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟುವ ವಾದದಷ್ಟು ಟೊಳ್ಳು ಬೇರೆ ಯಾವುದಿದೆ ಎಂದು ಹೊಳೆಯಿತು. ಕಟ್ಟುವುದು ಯಾರ ತಲೆಗೆ? ಊರಿನ ಯಾರ ಹೆಸರೂ ಹೇಳಲು ಅವನ ಮನಸ್ಸು ಒಪ್ಪಲಿಲ್ಲ. ಕೈಗೆ ಹತ್ತಿರ ಇದ್ದ ತಲೆ ಒಂದೇ.

"ಸ್ವಾಮಿ," ಎಂದು ಸ್ವರ ಏರಿಸಿದ. "ಮೃಗಗಳಿಗೆ ನನ್ನಿಂದ ಕೇಡು ಎಂದರು. ನಾನು ಇನ್ನೂ ಬಂದೇ ಇಲ್ಲ. ಕಡವೆಗಳು ಆಗಲೇ ಕಡಿಮೆಯಾಗಿವೆಯಲ್ಲ, ಯಾರಿಂದ? ಈ ಗುಡ್ಡೆಯ ಬುಡದಲ್ಲಿ ಒಂದು ಮನೆ ಉಂಟು. ಆ ಮನೆಯ ಯಜಮಾನ ದಿನಾ ಬೆಳಿಗ್ಗೆ ಕತ್ತಿ ಹಿಡಿದು ಹತ್ತುತ್ತಾನೆ. ಕಡವೆ ತಿನ್ನುವ ಚಿಗುರನ್ನೆಲ್ಲ ಸವರಿ ದನದ ಹಟ್ಟಿಗೆ ಸೊಪ್ಪು ಹಾಸುತ್ತಾನೆ. ಉಳಿದದ್ದನ್ನು ಅವನ ದನ ಮೇಯುತ್ತದೆ. ಅವನ ನಾಯಿ ಮೊಲ ಓಡಿಸುತ್ತದೆ. ಅವನ ಪತ್ನಿ ಅಂಗಳಕ್ಕಿಳಿದ ನವಿಲನ್ನು ಗುಡಿಸುವ ಹಿಡಿಸೂಡಿಯಿಂದ ಅಟ್ಟುತ್ತಾಳೆ. ಅವನನ್ನು ಬಿಟ್ಟು ನನ್ನೊಬ್ಬನನ್ನು ತಡೆಯುವುದು ಯಾವ ಧರ್ಮ?"

ಕಿಟಕಿಯಲ್ಲಿದ್ದ ವಾಗ್ದೇವಿಯ ಮುಖ ಮಾಯವಾಯಿತು. ಊರವರು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದರು. ಮುಳುಗುತ್ತಿದ್ದ ಮಾಷ್ಟ್ರಿಗೆ ಹುಲ್ಲುಕಡ್ಡಿಯಲ್ಲ, ದೋಣಿಯೇ ಸಿಕ್ಕಿತ್ತು. ಅವರು ಶಾಲು ಹೊದ್ದು ಎದ್ದರು.

"ಮನೆಯಲ್ಲಿ ಒಬ್ಬ ಕಳ್ಳ ಇದ್ದಾನೆಂದು ದರೋಡೆಕೋರನನ್ನೂ ಊಟಕ್ಕೆ ಕರೆಯಬೇಕೇ?"

ಶಾಲೆಯ ಹಂಚು ಹಾರುವ ಹಾಗೆ ಚಪ್ಪಾಳೆ ಬಿತ್ತು. ಸಾಹೇಬರು ಮೇಜು ತಟ್ಟಿ ನಕ್ಕರು. ಗಜಾನನ ಸೋತವನ ಹಾಗೆ ತಲೆ ತಗ್ಗಿಸಿ ಕೂತ. ಒಳಗೆ ಎದೆ ಹತ್ತಿಯಷ್ಟು ಹಗುರವಾಗಿತ್ತು. ಸೋಲನ್ನು ಇಷ್ಟು ಕಷ್ಟಪಟ್ಟು ಯಾರೂ ಗಳಿಸಿರಲಿಕ್ಕಿಲ್ಲ.

ಸಾಹೇಬರು ಬರೆದು ಮುಗಿಸಿ ಓದಿ ಹೇಳಿದರು. ಕಂಟ್ರಾಕ್ಟರನ ಅರ್ಜಿ ತಳ್ಳಿಹಾಕಲಾಗಿದೆ. ಕಡವೆಗುಡ್ಡೆಯನ್ನು ಕಾಡುಪ್ರಾಣಿಗಳಿಗಾಗಿ ಹಾಗೆಯೇ ಉಳಿಸಬೇಕು, ಊರಿನ ಸಮಿತಿಯೇ ಅದನ್ನು ನೋಡಿಕೊಳ್ಳಬೇಕು. ಕಾಯಲಿಕ್ಕೆ ಸಂಬಳದ ಒಬ್ಬ ಕಾವಲುಗಾರನಿಗೂ ಬರೆದಿದ್ದರು. ಜತ್ತಪ್ಪನ ಹೆಸರನ್ನು ಮಾಷ್ಟ್ರೇ ಸೂಚಿಸಿದರು. ತನಗೆ ಕೆಲಸ ಎಂದು ಕೇಳಿದ್ದೇ ಜತ್ತಪ್ಪ ರಸ್ತೆಯ ಆಸೆಯನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಎದ್ದು ನಿಂತ. ಮೊಯಿದಿನಬ್ಬ ಎಲ್ಲರಿಗೂ ಚಹಾ ಎಂದು ಕೂಗಿದ. ಜನ ಮಾಷ್ಟ್ರನ್ನು ಸುತ್ತಿಕೊಂಡರು.

ಗಜಾನನ ಮೆಲ್ಲನೆ ಬಾಗಿಲ ಕಡೆ ಸರಿಯುತ್ತಿದ್ದಾಗ ಸಾಹೇಬರ ಸ್ವರ ಹಿಡಿದು ನಿಲ್ಲಿಸಿತು.

"ಎದುರು ಕಡೆಯವರ ಒಂದು ಮಾತು ಮಾತ್ರ ಬಹಳ ಸರಿ. ಕಂಟ್ರಾಕ್ಟರನನ್ನು ತಡೆದು, ದಿನಾ ಸವರುವವನನ್ನು ಬಿಟ್ಟರೆ ಗುಡ್ಡೆ ಉಳಿಯಲಿಕ್ಕಿಲ್ಲ. ಅದನ್ನೂ ಬರೆದಿದ್ದೇನೆ. ಆ ಬುಡದ ಮನೆಯ ಕಡೆಗೆ ಗಟ್ಟಿ ಬೇಲಿ ಹಾಕಿಸಿ. ಇವತ್ತಿನಿಂದಲೇ ಅಲ್ಲಿಂದ ಸೊಪ್ಪಿಲ್ಲ, ದನ ಇಲ್ಲ, ಕತ್ತಿ ಇಲ್ಲ." ಪೆನ್ನು ಜೇಬಿಗೆ ಸೇರಿತು. "ಅಂದ ಹಾಗೆ, ಆ ಮನೆಯವರು ಯಾರು?"

ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು.

ಸಾಹೇಬರೂ ಆ ಕಡೆ ತಿರುಗಿ ಗಜಾನನನನ್ನು ಕಂಡರು. ಅವರ ಕಣ್ಣು ತುಂಬಿತು. ಗುಡ್ಡೆಗಾಗಿ, ತುಂಬಿದ ಸಭೆಯಲ್ಲಿ, ತನ್ನ ತಪ್ಪನ್ನು ತಾನೇ ಹೇಳಿಕೊಂಡ ಇಂಥ ಸತ್ಯವಂತನನ್ನು ಈ ನೌಕರಿಯಲ್ಲಿ ಕಂಡದ್ದಿಲ್ಲವೆಂದು ಕೈಮುಗಿದರು. ಗಜಾನನ, ಸ್ವಾಮಿ ಅದು ಪಾತ್ರದ ಮಾತು ಎನ್ನಬೇಕೆಂದು ಬಾಯಿ ತೆರೆದ. ಅವನ ಸ್ವಂತ ನಾಲಗೆ ಎಂದಿನ ಹಾಗೆ ಮೇಲೆ ಬರಲಿಲ್ಲ. ಅಷ್ಟರಲ್ಲಿ ಜೀಪು ಹೊರಟುಹೋಯಿತು.

ಮನೆಗೆ ಬಂದರೆ ಹಟ್ಟಿಯಲ್ಲಿ ದನ ಗುಡ್ಡೆಯ ಕಡೆ ಮುಖ ಮಾಡಿ ಕೂಗುತ್ತಿತ್ತು. ಕಾಲಡಿಯ ಸೊಪ್ಪು ಕೆಸರಾಗಿತ್ತು. ವಾಗ್ದೇವಿ ಬೈಯಲಿಲ್ಲ. ಹಿಡಿಸೂಡಿಯ ವಿಷಯವನ್ನೂ ಎತ್ತಲಿಲ್ಲ. ಈ ಕೆಸರಿನಲ್ಲಿ ದನ ಮಲಗುವುದು ಹೇಗೆ, ನಿಮ್ಮ ಸಮಿತಿಯವರನ್ನೇ ಕೇಳಿ ಒಂದು ಹೊರೆ ಸೊಪ್ಪು ತನ್ನಿ ಎಂದಷ್ಟೇ ಹೇಳಿದಳು.

ಗಜಾನನ ಕತ್ತಿಯನ್ನು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಹಿತ್ತಿಲಿನ ಬೇಲಿ ದಾಟುವ ತಡಮೆಯ ಹತ್ತಿರ ಹೋದ. ತಡಮೆಗೆ ಆಗಲೇ ಮುಳ್ಳಿನ ಕೊಂಬೆ ಅಡ್ಡ ಬಿದ್ದಿತ್ತು. ಆಚೆ ಕಡೆ ತಲೆಗೆ ಹೊಸ ಬೈರಾಸು ಸುತ್ತಿಕೊಂಡು, ದೊಣ್ಣೆ ಊರಿಕೊಂಡು, ಜತ್ತಪ್ಪ ನಿಂತಿದ್ದ. ಹಿಂದೆ ಗುಡ್ಡೆ ಸಂಜೆಯ ಬಿಸಿಲಿನಲ್ಲಿ ಇಡಿಯಾಗಿ, ಹಸಿರಾಗಿ ನಿಂತಿತ್ತು. ಎಲ್ಲೋ ಮೇಲೆ ಒಂದು ಕಡವೆ ಕೂಗಿತು.

"ಜತ್ತಪ್ಪ, ಇವತ್ತೊಂದು ದಿನಕ್ಕೆ ಮಾರಾಯ. ಕಡಿಯುವುದಿಲ್ಲ. ಕೆಳಗೆ ಬಿದ್ದ ತರಗೆಲೆ ಒಂದು ಹೊರೆ, ಗುಡಿಸಿಕೊಂಡು ಹೋಗ್ತೇನೆ. ದನ ಕೆಸರಲ್ಲಿ ನಿಂತಿದೆ. ನೀನು ಆ ಕಡೆ ತಿರುಗಿದರೆ ಸಾಕು."

ಜತ್ತಪ್ಪ ಆ ಕಡೆ ತಿರುಗಲಿಲ್ಲ. ದೊಣ್ಣೆಯನ್ನು ತಡಮೆಗೆ ಅಡ್ಡ ಹಿಡಿದ.

"ಆಗುವುದಿಲ್ಲ ಭಟ್ರೇ. ಒಂದು ಎಲೆ ಸಹ ಇಲ್ಲ."